ಕ್ಯಾನ್ಸರ್ ಇಲಿ ಕೇಂದ್ರ ಕಟ್ಟುವವರಿಗೆ ತಜ್ಞ ಸಲಹೆ

ಕ್ಯಾನ್ಸರ್ ಸಂಶೋಧನೆಗೆ ಪ್ರಾಣಿ ಮಾದರಿಗಳ ಕೇಂದ್ರ ಕಟ್ಟಲು ವಿಶ್ವವಿದ್ಯಾಲಯವೊಂದು ಹೊರಟರೆ ಮೊದಲು ಬೇಕಾದ್ದು ಇಲಿ ಎಂದು ತಿಳಿದವರಿದ್ದಾರೆ. ಅನುಭವ ಇಲ್ಲದವರ ಮಾತು ಅದು. ಮೊದಲು ಬೇಕಾದ್ದು ಶಂಕುಸ್ಥಾಪನೆಯ ಕಲ್ಲು. ಕಾರ್ಕಳ ಹತ್ತಿರವೇ ಇರುವುದರಿಂದ ಕಲ್ಲಿಗೆ ಬರವಿಲ್ಲ. 1432ರಲ್ಲಿ ಅಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಇವತ್ತಿಗೂ ಕರೆಂಟು ಬೇಡ, ಎ.ಸಿ. ಬೇಡ, ವಾರ್ಷಿಕ ನಿರ್ವಹಣಾ ಒಪ್ಪಂದ ಬೇಡ. ಇಲಿಗೆ ಈ ಮೂರೂ ಬೇಕು. ಆರ್ಥಿಕ ಶಿಸ್ತು ಉಳ್ಳ ಯಾರೇ ಆದರೂ ಕಲ್ಲಿನ ಪರವಾಗಿಯೇ ತೀರ್ಮಾನ ಕೊಡಬೇಕಾಗುತ್ತದೆ.

ಸ್ಥಳ ಶಂಕರಪುರ. ಮಣಿಪಾಲ ದೂರವಿಲ್ಲ, ಕಟಪಾಡಿ–ಶಿರ್ವ ರಸ್ತೆ ಎದುರಿಗೇ ಇದೆ, ಉದ್ಘಾಟನೆಯ ಹಾರವನ್ನು ಬೇರೆ ಊರಿನಿಂದ ತರಿಸಬೇಕಾಗಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದಾಗ ಅಲ್ಲಿದ್ದದ್ದು ಬೋಳುಗುಡ್ಡ. ಆದ್ದರಿಂದ ಅಲ್ಲಿನ ಏಳಿಗೆಗೆ ಬೋಳುಗುಡ್ಡವೇ ಕಾರಣ ಎಂಬುದು ನನ್ನ ಸಂಶೋಧನೆ. ಶಂಕರಪುರದಲ್ಲಿ ಅಂಗಳ ಅಂಗಳದಲ್ಲೂ ಮಲ್ಲಿಗೆ ಗಿಡ ಇರುವುದು ಈ ಯೋಜನೆಯ ಏಕೈಕ ತಾಂತ್ರಿಕ ತೊಡಕು.

ನನ್ನ ಅರ್ಹತೆಯ ಬಗ್ಗೆ ಎರಡು ಮಾತು. ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದಿಂದ ಇಲಿಗಳಿವೆ. ಪ್ರಯೋಗಾಲಯದ ಶುದ್ಧ ತಳಿ ಎನಿಸಿಕೊಳ್ಳಬೇಕಾದರೆ ಒಡಹುಟ್ಟಿದವುಗಳ ನಡುವೆಯೇ ಕನಿಷ್ಠ 20 ತಲೆಮಾರು ಕೂಡಾವಳಿ ನಡೆಯಬೇಕು. ಅಟ್ಟದಲ್ಲಿ ಅದು ಎಂದೋ ಮುಗಿದಿರುತ್ತದೆ. ಆದರೆ ಸಿ57 ಬ್ಲ್ಯಾಕ್ 6 ಎಂಬ ಕಪ್ಪಿಲಿಗೆ 1921ರಿಂದ ವಂಶಾವಳಿ ಇದೆ. ನಮ್ಮವಕ್ಕೆ ಪಡಿತರ ಚೀಟಿಯೂ ಇಲ್ಲ. ಅದಿರಲಿ. ಪ್ರಾಣಿ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು, ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸದಸ್ಯನಿರಬೇಕು ಎಂಬ ನಿಯಮವಿದೆ. ವಿಜ್ಞಾನಿಯಲ್ಲದಿರುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಕಾಪು ತಾಲೂಕಿನಲ್ಲಿ ಕಡಿಮೆ.

ಇನ್ನು ಇಲಿ. 1962ರಲ್ಲಿ ಗ್ಲಾಸ್ಗೋದ ಪ್ರಯೋಗಾಲಯವೊಂದರಲ್ಲಿ ಮೈಮೇಲೆ ಕೂದಲಿಲ್ಲದ ಇಲಿಗಳು ಕಂಡವು. ಅವಕ್ಕೆ ಥೈಮಸ್ ಗ್ರಂಥಿ ಸರಿಯಾಗಿ ಬೆಳೆಯುವುದಿಲ್ಲ; ಹಾಗಾಗಿ ಪರರ ಅಂಗಾಂಶ ತಂದಿಟ್ಟರೂ ದೇಹ ತಿರಸ್ಕರಿಸುವುದಿಲ್ಲ. 1969ರಲ್ಲಿ ಡೆನ್ಮಾರ್ಕಿನವರು ಮನುಷ್ಯನ ದೊಡ್ಡಕರುಳಿನ ಗಡ್ಡೆಯನ್ನು ಇಂಥ ಇಲಿಯ ಮೈಯಲ್ಲಿ ಬೆಳೆಸಿ ತೋರಿಸಿದರು. ಏನು ಹೇರಿದರೂ ಬೇಡ ಎನ್ನದ ಈ ಗುಣ ಯಾವ ಆಡಳಿತ ಮಂಡಳಿಗೂ ಮೊದಲ ನೋಟಕ್ಕೇ ಹಿಡಿಸುವಂಥದ್ದು. ಸಿಬ್ಬಂದಿ ನೇಮಕಾತಿಗೂ ಇದೇ ಮಾನದಂಡ ಇಟ್ಟುಕೊಳ್ಳಬಹುದು.

ಇಲಿಯ ಕೋಣೆಯಲ್ಲಿ ತೇವಾಂಶ ಶೇಕಡಾ 30ರಿಂದ 70ರ ಒಳಗಿರಬೇಕು. ಗಂಟೆಗೆ ಹತ್ತು ಹದಿನೈದು ಸಲ ಗಾಳಿ ಬದಲಾಗಬೇಕು. ನಮ್ಮದು ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು. ಪರಿಹಾರ ಸರಳ: ತೇವಾಂಶ ಮಾಪಕವನ್ನು ಜನವರಿಯಲ್ಲಿ ಅಳವಡಿಸಿ ಜೂನ್ ಮೊದಲ ವಾರ ದುರಸ್ತಿಗೆ ಕಳಿಸಿಬಿಡುವುದು.

ರೋಗದ ವಿಷಯದಲ್ಲೂ ಎಚ್ಚರ ಬೇಕು. ಮಳೆಗಾಲದಲ್ಲಿ ನಮಗೆ ಇಲಿಜ್ವರ ಬರುತ್ತದೆ. ಈ ಕೇಂದ್ರದಲ್ಲಿ ಇಲಿಗೆ ಮನುಷ್ಯಜ್ವರ ಬಾರದಂತೆ ನೋಡಿಕೊಳ್ಳಬೇಕು. ರೋಗನಿರೋಧಕ ಶಕ್ತಿಯಿಲ್ಲದ ಇಲಿಗೆ ನಮ್ಮ ಕೈಯ ಸೋಂಕೇ ಸಾಕು. ಒಳಗೆ ಹೋಗುವವರು ಬಟ್ಟೆ ಬದಲಿಸಿ, ಗವಸು, ಮುಖಗವಸು, ಟೋಪಿ ಹಾಕಿಕೊಳ್ಳಬೇಕು. ಶಾಲು, ಪೇಟ, ಹಾರ ಸಮೇತ ಬಂದ ಗಣ್ಯರಿಗೆ ಇದನ್ನು ಹೇಳುವ ಧೈರ್ಯ ಯಾರಿಗಿದೆ? ಆದ್ದರಿಂದ ಉದ್ಘಾಟನೆಯ ದಿನ ಕೇಂದ್ರದಲ್ಲಿ ಇಲಿ ಇರಕೂಡದು. ಆಮೇಲೆಯೂ ಇರದಿದ್ದರೆ ಗಣ್ಯರು ಎಷ್ಟು ಸಲ ಬೇಕಾದರೂ ಬರಬಹುದು.

ಸಾಧನೆ ಎಲ್ಲಿ ಎಂದು ಕೇಳುವ ಕಿಡಿಗೇಡಿಗಳು ಇದ್ದೇ ಇರುತ್ತಾರೆ. ಇಲಿಗಳಲ್ಲಿ ಕ್ಯಾನ್ಸರ್ ವಾಸಿಯಾಗಿ ದಶಕಗಳೇ ಕಳೆದಿವೆ. ಮನುಷ್ಯರ ಮೇಲಿನ ಪರೀಕ್ಷೆಗೆ ಬಂದ ಕ್ಯಾನ್ಸರ್ ಔಷಧಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಪಾಸು. ಉದ್ಘಾಟನೆಗಳಲ್ಲಿ ನಪಾಸಾದದ್ದು ಒಂದೂ ಇಲ್ಲ. 2023ರಲ್ಲಿ ಭಾರತ ಹೊಸ ಔಷಧಗಳ ನಿಯಮ ತಿದ್ದಿ, ಪ್ರಾಣಿ ಬಿಟ್ಟು ಆರ್ಗನಾಯ್ಡ್, ಚಿಪ್ ಮೇಲಿನ ಅಂಗಗಳಂಥ ವಿಧಾನಗಳಿಗೂ ಅವಕಾಶ ಕೊಟ್ಟಿತು. ಇದರಿಂದ ಯಾರೂ ಗಾಬರಿಯಾಗಬೇಕಾಗಿಲ್ಲ. ಇಲಿ ಬೇಡವೆಂದಾದರೂ ಕಟ್ಟಡ ಬೇಡವೆಂದು ಎಲ್ಲೂ ಬರೆದಿಲ್ಲ.

ಇನ್ನೂ ಒಂದು ಸಾಧ್ಯತೆ ಇದೆ. ಕ್ಯಾನ್ಸರ್ ಬರುವಂತೆಯೇ ರೂಪಿಸಿದ ಹಾರ್ವರ್ಡಿನ ಇಲಿಗೆ 1988ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತು. ಅದೇ ಇಲಿಯನ್ನು ಕೆನಡಾದ ಸುಪ್ರೀಂ ಕೋರ್ಟು 2002ರಲ್ಲಿ ಪೇಟೆಂಟ್ ಇಲ್ಲವೆಂದು ವಾಪಸು ಕಳಿಸಿತು. ಉಡುಪಿ ಮಲ್ಲಿಗೆಗೆ ಜಿಐ ಮಾನ್ಯತೆ ಈಗಾಗಲೇ ಇದೆ. ಶಂಕರಪುರದ ಇಲಿಗೂ ಅರ್ಜಿ ಹಾಕಿದರೆ ನಷ್ಟವೇನು?

ಒಳಗೆ ನಿಜವಾಗಿ ನಡೆಯುವ ಕೆಲಸದಲ್ಲಿ ಫೋಟೊಕ್ಕೆ ಒದಗುವಂಥದ್ದು ಏನೂ ಇಲ್ಲ. ಪ್ರಾಣಿಪಾಲಕ ಇಲಿಯ ಕತ್ತಿನ ಸಡಿಲ ಚರ್ಮವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಬಾಲವನ್ನು ಕಿರುಬೆರಳ ಕೆಳಗೆ ಸಿಕ್ಕಿಸಿಕೊಳ್ಳುತ್ತಾನೆ. ಪಕ್ಕದವಳು ಕ್ಯಾಲಿಪರ್‌ನಿಂದ ಗಡ್ಡೆಯ ಉದ್ದ, ಅಗಲ ಅಳೆಯುತ್ತಾಳೆ. ಅಗಲವನ್ನು ಅಗಲದಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಗಾತ್ರ. ಅದನ್ನು ಬರೆದುಕೊಂಡು ಮುಂದಿನ ಪಂಜರ. ಉಮಿಯನ್ನು ಆಟೋಕ್ಲೇವ್‌ನಲ್ಲಿ ಬೇಯಿಸಿ ಹಾಸಬೇಕು, ನೀರಿನ ಬಾಟಲಿ ಬದಲಿಸಬೇಕು. ಗಡ್ಡೆ ಮಿತಿ ಮೀರಿದರೆ ಇಲಿಯನ್ನು ನರಳಲು ಬಿಡದೆ, ನೋವಾಗದಂತೆ ಸಾಯಿಸಬೇಕು. ಮಿತಿ ಮೀರಿದ್ದು ಗೊತ್ತಾಗಬೇಕಾದರೆ ಆ ದಿನ ಯಾರಾದರೂ ಬಂದು ನೋಡಿರಬೇಕು. ಭಾನುವಾರ ಎಂದು ಗಡ್ಡೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ.

ದಿನ ತಪ್ಪಿಸದ ಇಂಥ ಕೆಲಸವನ್ನೇ ಶಂಕರಪುರದ ಹೆಂಗಸರು ಮಲ್ಲಿಗೆಗೆ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯಂತೆ ಆ ದಿನವೇ ಹೂವು ಮಾರುವ ಕಟ್ಟೆಗೆ ಮುಟ್ಟಿಸುತ್ತಾರೆ. ಇದಕ್ಕೆ ಈವರೆಗೆ ಯಾರೂ ಶಂಕುಸ್ಥಾಪನೆ ಮಾಡದಿರುವುದು ಆಡಳಿತಾತ್ಮಕ ಲೋಪ, ವರದಿಯಲ್ಲಿ ನಮೂದಿಸಿದ್ದೇನೆ.

ನಾನು ತಯಾರಿಸಿದ ಅಂದಾಜುಪಟ್ಟಿಯಲ್ಲಿ ಕಲ್ಲು, ಕಮಾನು, ಸಭಾಂಗಣ, ಸ್ಮರಣಿಕೆ, ಲಿಫ್ಟು, ನಿರ್ದೇಶಕರ ಕೊಠಡಿ, ಅವರ ಅತಿಥಿಗಳ ಕೊಠಡಿ ಎಲ್ಲವೂ ಬಂದಿವೆ. ಪಶುವೈದ್ಯ ಮತ್ತು ಪ್ರಾಣಿಪಾಲಕರ ಹುದ್ದೆಗಳನ್ನು ಎರಡನೇ ಹಂತಕ್ಕೆ ಇಡಲಾಗಿದೆ. ಅಲ್ಲಿಯ ತನಕ ಭಾನುವಾರ, ಅಷ್ಟಮಿ, ಚೌತಿಗೆ ತಪ್ಪದೆ ಬಂದು ಇಲಿಗೆ ನೀರಿಡುವ ಜನ ನಿಮ್ಮ ಗುರುತಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಸಂಬಳದ ಮಾತು ಕಟ್ಟಡ ಮುಗಿದ ಮೇಲೆ.