ಓದಿ ಕೊಡ್ತೀನಿ ಸ್ವಾಮಿ!

ಪುಸ್ತಕಪ್ರೇಮಿಗಳಲ್ಲಿ ಎರಡು ಪಂಗಡ: ಪುಸ್ತಕ ಕೊಳ್ಳುವವರು, ಕೊಂಡವರ ಮನೆಗೆ ಬರುವವರು. ನನ್ನ ಕೇಳಿದರೆ ಎರಡನೆಯವರ ಪ್ರೀತಿಯೇ ಗಾಢ. ಒಯ್ದ ಪುಸ್ತಕವನ್ನು ಅವರು ಅಗಲಿರಲಾರರು.

ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಓದುವ ಚಟ ಹತ್ತಲಿ ಎಂಬುದು ಅವರ ಆಸೆ. ಚಟವೇನೋ ಹತ್ತಿತು. ಕೊಳ್ಳುವ ಚಟ ಮಾತ್ರ ಕೆಲವರಿಗೆ ಇನ್ನೂ ಹತ್ತಬೇಕಾಗಿದೆ.

ಸರ್ಕಾರವೂ ಸುಮ್ಮನೆ ಕೂತಿಲ್ಲ. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದು, ಮನೆಕಂದಾಯದ ಜೊತೆಗೇ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಿದೆ. ನಮ್ಮ ನೆರೆಮನೆಯ ರಾಯರು ಅದನ್ನು ಚಾಚೂ ತಪ್ಪದೆ ಕಟ್ಟುತ್ತಾರೆ. ಪುಸ್ತಕಕ್ಕೆ ಮಾತ್ರ ನಮ್ಮ ಮನೆಗೇ ಬರುತ್ತಾರೆ. ಅಲ್ಲಿ ಗಡುವು, ದಂಡ ಎಲ್ಲ ಇದೆಯಂತೆ. ಇಲ್ಲಿ ಕಾಫಿ ಇದೆ.

ಅವರಿಂದ ಕಪಾಟು ಉಳಿಸಿಕೊಳ್ಳಲು ಒಂದು ಉಪಾಯ ಹೂಡಿದೆ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನೆಲ್ಲ ಹಿಂದಕ್ಕೆ ಸರಿಸಿ, ಮುಂದೆ 'ಮಲೆಗಳಲ್ಲಿ ಮದುಮಗಳು' ನಿಲ್ಲಿಸಿದೆ. ಆ ಗಾತ್ರ ನೋಡಿದರೆ ಎಂಥವರೂ ಹೆದರಬೇಕು. ರಾಯರು ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದು ನಿಧಾನವಾಗಿ ಓದೋ ಪುಸ್ತಕ, ಅವಸರ ಮಾಡಬಾರದು" ಎಂದು ಕಂಕುಳಲ್ಲಿ ಇರುಕಿಕೊಂಡರು.

ಮೊನ್ನೆ ಗೇಟಿನ ಹತ್ತಿರ ಸಿಕ್ಕಾಗ ಮೆಲ್ಲಗೆ ಕೇಳಿದೆ, "ಆ ಪುಸ್ತಕ ಓದಿ ಆಯ್ತಾ ರಾಯರೇ?"

"ನನ್ನದು ಎಂದೋ ಆಯ್ತು. ಈಗ ನಮ್ಮ ಬೀಗರು ಓದ್ತಿದಾರೆ. ನಿಮಗೂ ಬೇಕಿತ್ತೇ? ಅವರದು ಮುಗೀಲಿ, ಕೊಡಿಸೋಣ. ಆದರೆ ನೋಡಿ, ಜೋಪಾನವಾಗಿ ವಾಪಸ್ ಮಾಡಬೇಕು!"