ಛೋಟಾ ಹಾತಿಗೆ ಕರೆಂಟು

ಅಲ್ರೀ, ಟಾಟಾ ಮೋಟಾರ್ಸ್‌ನವರು ಪಾಲಾದದ್ದು ಗೊತ್ತಾಯ್ತಲ್ಲ? 2025ರ ಅಕ್ಟೋಬರ್ 1ರಿಂದ ಲಾರಿ-ಬಸ್ಸಿನ ಕಂಪನಿಯೇ ಬೇರೆ, ಕಾರಿನ ಕಂಪನಿಯೇ ಬೇರೆ. ಅಣ್ಣನಿಗೆ ಗದ್ದೆ, ತಮ್ಮನಿಗೆ ಪೇಟೆ ಅಂಗಡಿ ಬಂದ ಹಾಗೆ, ಒಂದು ಕಡೆಗೆ ಆರೂವರೆ ಲಕ್ಷದ ಕರೆಂಟಿನ ಪುಟ್ಟ ಟ್ರಕ್ಕು, ಇನ್ನೊಂದು ಕಡೆಗೆ ಜಾಗ್ವಾರ್. ಇಲ್ಲಿ ಕೋಲ್ಕತಾದಲ್ಲಿ ನಮ್ಮ ಪಕ್ಕದ ಮನೆಯ ದಾದಾ ಬೆಳಿಗ್ಗೆ ಕಾಂಪೌಂಡಿಗೆ ಮೊಣಕೈ ಊರಿ ಇದನ್ನೇ ಎತ್ತಿದರು. ಅವರಿಗೆ ಜಾಗ್ವಾರಿನದೇ ಧ್ಯಾನ. 2024ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ತೋರಿಸಿದರಲ್ಲ, ಟೈಪ್ 00 ಅಂತ ಉದ್ದ ಮೂತಿಯ ಎಲೆಕ್ಟ್ರಿಕ್ ಮಾದರಿ, ಅದರ ಗುಲಾಬಿ ಬಣ್ಣ ಅವರ ಕಣ್ಣಿಗೆ ಕಟ್ಟಿದೆ. ಚೆಂದವೇ, ಇಲ್ಲ ಅನ್ನೋದಿಲ್ಲ. ನನ್ನ ಮನಸ್ಸೆಲ್ಲ ಇರೋದು ಮಾತ್ರ ಆ ಪುಟ್ಟ ಟ್ರಕ್ಕಿನ ಮೇಲೆ.

ಯಾಕೆ ಅಂದ್ರೆ, ಕೋಲ್ಕತಾದ ಹೊಟ್ಟೆ ತುಂಬಿಸೋದೇ ಅದು. ಟಾಟಾ ಏಸ್ 2005ರಲ್ಲಿ ಬಂತು. ಕರ್ನಾಟಕದ ನಮ್ಮೂರಲ್ಲಾಗಲಿ ಇಲ್ಲಾಗಲಿ ಜನ ಅದನ್ನು ಕರೆಯೋದು ಛೋಟಾ ಹಾತಿ ಅಂತಲೇ. ಬಡಾಬಜಾರಿನ ಓಣಿಗಳಿಗೆ ದೊಡ್ಡ ಲಾರಿ ನುಗ್ಗೋದಿಲ್ಲ, ಇದು ನುಗ್ಗುತ್ತೆ. ನಮ್ಮ ಲೇಕ್ ಮಾರ್ಕೆಟ್ಟಿಗೆ ಬೆಳಗಿನ ಜಾವ ಬಂದು ನೋಡಿ. ಬಾಳೆಗೊನೆ ಇಳಿಸುವಷ್ಟು ಹೊತ್ತೂ ಎಂಜಿನ್ ಗುರುಗುಟ್ಟುತ್ತಲೇ ಇರುತ್ತೆ. ಹಳೇ ಗಾಡಿ, ಆರಿಸಿದರೆ ಮತ್ತೆ ಹತ್ತೀತೋ ಇಲ್ಲವೋ ಅನ್ನೋ ಭಯ ಡ್ರೈವರಿಗೆ. ಹೊಗೆಯೆಲ್ಲ ಪಕ್ಕದಲ್ಲೇ ಕೂತು ಹೂ ಕಟ್ಟುವ ಹೆಂಗಸರ ಮುಖಕ್ಕೆ. ಗುಲಾಬಿ ಜಾಗ್ವಾರ್ ಒಂದು ಈ ಊರಿಗೆ ಬಂದರೂ ಅವರ ಉಸಿರಿಗೆ ಏನೂ ವ್ಯತ್ಯಾಸ ಆಗೋದಿಲ್ಲ. ಈ ಛೋಟಾ ಹಾತಿ ಕರೆಂಟಿಗೆ ಬದಲಾದರೆ ಮಾರನೇ ದಿನವೇ ಆಗುತ್ತೆ.

ಲೆಕ್ಕ ಹಾಕೋಣ ಬನ್ನಿ. 2025ರ ಜೂನಿನಲ್ಲಿ ಆರೂವರೆ ಲಕ್ಷಕ್ಕೆ ಬಂದ ಕರೆಂಟಿನ ಟ್ರಕ್ಕು ಏಸ್ ಪ್ರೋ ಇವಿಯ ಬ್ಯಾಟರಿ 14.4 ಯೂನಿಟ್ಟಿನದು, ಹೊರೋದು 750 ಕಿಲೋ, ಒಮ್ಮೆ ತುಂಬಿಸಿದರೆ 155 ಕಿಲೋಮೀಟರ್ ಅಂತ ಕಂಪನಿಯ ಮಾತು. ಹೊರೆ, ಟ್ರಾಫಿಕ್ಕು ಎಲ್ಲ ಸೇರಿ ನೂರಕ್ಕೇ ಇಳೀಲಿ. ಯೂನಿಟ್ಟಿಗೆ ಹತ್ತು ರೂಪಾಯಿ ಅಂತ ಧಾರಾಳವಾಗಿ ಹಿಡಿದರೂ ನೂರೈವತ್ತು ರೂಪಾಯಿ ಒಳಗೆ ದಿನದ ಕೆಲಸ ಮುಗೀತು. ಅದೇ ದುಡ್ಡಿಗೆ ಎರಡು ಲೀಟರ್ ಡೀಸೆಲ್ಲೂ ಬರೋದಿಲ್ಲ. ಹಾಗಿದ್ದರೆ ಎಲ್ಲರೂ ಯಾಕೆ ಕೊಂಡಿಲ್ಲ ಅಂತೀರಿ. ಪೆಟ್ರೋಲಿನ ಏಸ್ ಪ್ರೋ ಶುರುವಾದದ್ದೇ 3.99 ಲಕ್ಷಕ್ಕೆ. ನಡುವಿನ ಆ ಎರಡೂವರೆ ಲಕ್ಷ ದಿನಗೂಲಿಯ ಹಾಗೆ ದುಡಿಯೋ ಮನುಷ್ಯನಿಗೆ ದೊಡ್ಡ ಬೆಟ್ಟ.

ದಾದಾ ತಲೆಯಾಡಿಸಿ, ಇವೆಲ್ಲ ನಮ್ಮೂರಲ್ಲೇ ತಯಾರಾಗಬೇಕಿತ್ತು ಅಂದರು. ಆ ಸಂಕಟ ಸುಳ್ಳಲ್ಲ ಕಣ್ರೀ. ಹೌರಾದಿಂದ ಬ್ಯಾಂಡೆಲ್ ಕಡೆ ಲೋಕಲ್ ರೈಲು ಹತ್ತಿದರೆ ಹಿಂದ್‌ ಮೋಟರ್ ಅಂತಲೇ ಒಂದು ಸ್ಟೇಷನ್ ಬರುತ್ತೆ. ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯದೇ ಹೆಸರು. ಮಂತ್ರಿಗಳ ಅಂಬಾಸಡರೂ ಅಲ್ಲಿಂದಲೇ ಬಂತು, ಸರಕು ಹೊರೋ ಬೆಡ್‌ಫೋರ್ಡ್ ಲಾರಿಯೂ ಅಲ್ಲಿಂದಲೇ. 2014ರ ಮೇ 24ಕ್ಕೆ ಅಲ್ಲಿ ಕೆಲಸ ನಿಂತಿತು. 2017ರಲ್ಲಿ ಅಂಬಾಸಡರ್ ಅನ್ನೋ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿಗೆ ಕೊಂಡುಕೊಂಡಿತು. ಹೆಸರಿಗೇ ಅಷ್ಟು ಬೆಲೆ ಇತ್ತು, ನೋಡಿ.

ಇದೇ ಬಂಗಾಳದ ಸಿಂಗೂರಿನದು ಇನ್ನೂ ನೋವಿನ ಮಾತು. ಟಾಟಾದವರ ನ್ಯಾನೋ ಕಾರಿನ ಕಾರ್ಖಾನೆಗೆ ಅಂತ 997 ಎಕರೆ, ರೈತರ ಹೋರಾಟ, 2008ರ ಅಕ್ಟೋಬರ್ 3ರಂದು ರತನ್ ಟಾಟಾ ಹೊರಟೇಬಿಟ್ಟರು. ಧಾರವಾಡದ ಹತ್ತಿರ ಜಾಗ ಕೊಡ್ತೀವಿ ಬನ್ನಿ ಅಂತ ನಮ್ಮ ಕರ್ನಾಟಕವೂ ಕರೀತು; ಅವರು ಗುಜರಾತಿನ ಸಾನಂದಕ್ಕೆ ಹೋದರು. 2016ರಲ್ಲಿ ಸುಪ್ರೀಂ ಕೋರ್ಟು ಆ ಭೂಸ್ವಾಧೀನವೇ ಸರಿಯಿಲ್ಲ ಅಂತ ರೈತರಿಗೆ ಜಮೀನು ವಾಪಸ್ ಕೊಡಿಸಿತು. ನನ್ನನ್ನು ಕೇಳಿದರೆ ರೈತರ ಕೂಗಿನಲ್ಲಿ ನ್ಯಾಯ ಇತ್ತು. ಹಾಗಂತ ಕೆಲಸ ಕಾದು ಕೂತಿದ್ದ ಅಲ್ಲಿನ ಹುಡುಗರ ಆಸೆಯೇನೂ ಸಣ್ಣದಾಗಿರಲಿಲ್ಲ.

ಕಾರ್ಖಾನೆ ಬರಲಿ ಬಿಡಲಿ, ಚಾರ್ಜಿಂಗ್ ವ್ಯವಸ್ಥೆಯಾದರೂ ಬರಬೇಕಲ್ಲ. 1902ರಲ್ಲೇ ಎಸ್ಪ್ಲನೇಡಿನಿಂದ ಖಿದಿರ್‌ಪುರಕ್ಕೆ ಕರೆಂಟಿನ ಟ್ರಾಮು ಓಡಿಸಿದ ಊರು ಇದು, ಬೀದಿಯಲ್ಲಿ ತಂತಿ ಎಳೆಯೋದು ಇದಕ್ಕೆ ಹೊಸದಲ್ಲ. ಛೋಟಾ ಹಾತಿಯವನಿಗೆ ಗ್ಯಾರೇಜ್ ಎಲ್ಲಿಂದ ಬರಬೇಕು? ರಾತ್ರಿ ಗಾಡಿ ನಿಲ್ಲೋದು ರಸ್ತೆ ಬದಿಯಲ್ಲಿ, ಅವನು ಮಲಗೋದು ಅದರ ಹಿಂದುಗಡೆ. ಚಾರ್ಜರು ಮಾಲ್‌ಗಳ ನೆಲಮಾಳಿಗೆಯಲ್ಲಿದ್ದರೆ ಅವನಿಗೇನು ಬಂತು? ಪೋಸ್ತಾದ ದಿನಸಿ ಮಂಡಿ, ಸಿಯಾಲ್ದಾದ ಕೋಲೇ ಮಾರ್ಕೆಟ್, ಇಂಥ ಕಡೆ ಗಾಡಿ ಸಾಲುಗಟ್ಟಿ ಕಾಯುತ್ತಲ್ಲ, ಅಲ್ಲಿ ಹಾಕಬೇಕು. ಮೂಟೆ ಇಳಿಸುವಷ್ಟರಲ್ಲಿ ಅರ್ಧ ಬ್ಯಾಟರಿ ತುಂಬಲಿ. ದಾದಾನ ತಮ್ಮನ ಮಗ ನಗರಪಾಲಿಕೆ ಕಡೆ ಓಡಾಡೋನು. ಒಂದು ಅರ್ಜಿ ಬರೆದುಕೊಡಿ, ನಾನು ಮಂಡಿಯವರ ಸಹಿ ಹಾಕಿಸ್ತೀನಿ ಅಂತ ದಾದಾಗೆ ಹೇಳಿದ್ದೀನಿ.