ಅಂತ್ಯಾಕ್ಷರಿ ಪ್ಯಾರಾಗಳು

ಪಿಎಚ್.ಡಿ. ಪ್ರಬಂಧಗಳ ಕರಡು ತಿದ್ದುವ ಕೆಲಸಕ್ಕೆ ಸಂಬಳವಿಲ್ಲ. ಕಾಫಿಯುಂಟು, ಅದನ್ನೂ ತಿದ್ದುವವನ ಮನೆಯವರೇ ಕೊಡಬೇಕು. ನಿವೃತ್ತ ಕನ್ನಡ ಮೇಷ್ಟ್ರು ಎಂಬ ಒಂದೇ ತಪ್ಪಿಗೆ ನಮ್ಮ ಬಡಾವಣೆಯ ಸಂಶೋಧಕರೆಲ್ಲ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಕಟ್ಟುಗಳನ್ನು ನನ್ನ ಮೇಜಿಗೆ ತಂದು ಹಾಕುತ್ತಾರೆ. "ಸುಮ್ಮನೆ ಒಂದು ಕಣ್ಣಾಡಿಸಿ ಸಾರ್, ಕಾಗುಣಿತ ನೋಡಿದರೆ ಸಾಕು" ಎನ್ನುತ್ತಾರೆ. ಕಾಗುಣಿತವನ್ನು ಹೇಗೋ ತಿದ್ದಬಹುದು. ಕೈಗೆ ಸಿಗದೆ ಓಡುವುದು ಪ್ಯಾರಾ.

ಈ ಪ್ರಬಂಧಗಳ ಪ್ಯಾರಾಗಳಲ್ಲಿ ಎರಡು ಜಾತಿ. ಮೊದಲನೆಯದು, ಮೂರು ಪುಟ ತಿರುವಿದರೂ ಮುಗಿಯದ್ದು. ತಾಳೆಗರಿಯ ಕಾಲದಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡದೆ ಒತ್ತಾಗಿ ಬರೆಯುತ್ತಿದ್ದರಲ್ಲ, ಆ ಪರಂಪರೆಯ ಕೊನೆಯ ವಾರಸುದಾರರು ಇವರು. ಎರಡನೆಯದು, ವಾಕ್ಯಕ್ಕೊಂದು ಪ್ಯಾರಾ. ಮೊಬೈಲಿನಲ್ಲಿ ಟೈಪು ಮಾಡಿ ಬೆಳೆದ ಹುಡುಗರದು. ಇದರಲ್ಲಿ ಒಂದು ಲಾಭವಿದೆ: ಬರೆಯದೆಯೇ ಪುಟಗಳು ಹೆಚ್ಚುತ್ತವೆ. ನೋಡಲು ಬೇರೆ ಬೇರೆಯಾದರೂ ಎರಡರ ದೋಷವೂ ಒಂದೇ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ, ಯಾಕೆಂದರೆ ಏನು ಹೇಳಬೇಕೆಂದೇ ಇನ್ನೂ ತೀರ್ಮಾನವಾಗಿಲ್ಲ.

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅಲೆಕ್ಸಾಂಡರ್ ಬೇನ್ ಎಂಬ ತರ್ಕಶಾಸ್ತ್ರದ ಪ್ರೊಫೆಸರ್ ಇದ್ದ. 1866ರಲ್ಲಿ ಅವನು ಬರೆದ ಇಂಗ್ಲಿಷ್ ರಚನೆಯ ಪಠ್ಯದಲ್ಲಿ ಪ್ಯಾರಾಕ್ಕೆ ನಿಯಮಗಳನ್ನೇ ಹಾಕಿಕೊಟ್ಟಿದ್ದಾನೆ: ವಿಷಯ ಏನೆಂದು ಮೊದಲ ವಾಕ್ಯದಲ್ಲೇ ತಿಳಿಯಬೇಕು, ಉಳಿದವು ಅದನ್ನು ಬಿಟ್ಟು ಅಲೆಯಬಾರದು, ಒಂದೊಂದು ವಾಕ್ಯಕ್ಕೂ ಹಿಂದಿನದರ ಜೊತೆ ನಂಟಿರಬೇಕು. ನಮ್ಮ ಸಂಶೋಧಕರು ಇದರಲ್ಲಿ ಕೊನೆಯದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ.

ವಡ್ಡಾರಾಧನೆಯ ಸ್ತ್ರೀಪಾತ್ರಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ಹುಡುಗನೊಬ್ಬ ಮೊನ್ನೆ ಒಂದು ಅಧ್ಯಾಯ ತಂದ. "ವಡ್ಡಾರಾಧನೆಯ ಸ್ತ್ರೀಯರು ಕೇವಲ ಪೂರಕ ಪಾತ್ರಗಳಲ್ಲ" ಎಂದು ಪ್ಯಾರಾ ಶುರುವಾಗಿತ್ತು. ಭೇಷ್ ಎಂದುಕೊಂಡೆ. ಎರಡನೆಯ ವಾಕ್ಯ, ವಡ್ಡಾರಾಧನೆ ಜೈನ ಕಥೆಗಳ ಗದ್ಯಕೃತಿ ಎಂದಿತು. ನಿಜ. ಜೈನ ಗದ್ಯದಲ್ಲಿ ಚಾವುಂಡರಾಯ 978ರಲ್ಲಿ ಬರೆದ ಪುರಾಣವೂ ಮುಖ್ಯವಾದುದು ಎಂದಿತು ಮೂರನೆಯದು. ಅದೂ ನಿಜವೇ. ಚಾವುಂಡರಾಯ ಬಂದ ಮೇಲೆ ಶ್ರವಣಬೆಳಗೊಳ ಬಾರದೆ ಇದ್ದೀತೆ? ಬಂತು. ಬೆಳಗೊಳ ಎಂದರೆ ಗೊಮ್ಮಟ, ಗೊಮ್ಮಟ ಎಂದರೆ 58 ಅಡಿ ಎತ್ತರ, ಅಷ್ಟೆತ್ತರದ ಮೂರ್ತಿಗೆ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, 2018ರ ಅಭಿಷೇಕಕ್ಕೆ ನೆರೆದ ಭಕ್ತರು, ಭಕ್ತರಿಗೆ ಬೇಕಾದ ವಸತಿ. ಕಡೆಗೆ, "ಹೀಗಾಗಿ ಪ್ರವಾಸೋದ್ಯಮದತ್ತ ಸರ್ಕಾರ ಗಮನ ಹರಿಸುವುದು ಅಗತ್ಯ."

ಒಂದು ವಾಕ್ಯವೂ ಸುಳ್ಳಲ್ಲ. ಒಂದಕ್ಕೂ ಹಿಂದಿನದರ ಜೊತೆ ಜಗಳವಿಲ್ಲ. ಆದರೆ ಇದು ಅಂತ್ಯಾಕ್ಷರಿ: ಹಿಂದಿನ ಹಾಡಿನ ಕೊನೆಯ ಅಕ್ಷರ ಸಿಕ್ಕಿದರೆ ಸಾಕು, ಆಟ ಶುರುವಾದದ್ದು ಯಾವ ಹಾಡಿನಿಂದ ಎಂಬುದು ಯಾರಿಗೂ ಬೇಕಾಗಿಲ್ಲ.

ಇದನ್ನು ಗಟ್ಟಿಯಾಗಿ ಓದುತ್ತಿದ್ದಾಗ ನಮ್ಮ ಅತ್ತೆಯವರು ಪಕ್ಕದಲ್ಲೇ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ರಾತ್ರಿಯಿಡೀ ಹರಿಕಥೆ ಕೇಳಿ ಪಳಗಿದ ಕಿವಿ ಅವರದು.

"ಅಲ್ಲಪ್ಪಾ, ಮೊದಲು ಯಾರೋ ಹೆಂಗಸರ ಸುದ್ದಿ ತೆಗೆದ್ಯಲ್ಲ, ಅವರನ್ನ ಎಲ್ಲಿ ಬಿಟ್ಟುಬಂದೆ?"

"ಮುಂದಿನ ಪ್ಯಾರಾದಲ್ಲಿ ಬರ್ತಾರೆ ಅಜ್ಜಿ" ಎಂದ ಹುಡುಗ. ಮುಂದಿನ ಪ್ಯಾರಾ ಆಗಲೇ "ಹಾಗೆ ನೋಡಿದರೆ" ಎನ್ನುತ್ತಾ ರಾಷ್ಟ್ರಕೂಟರ ಕಡೆ ಹೊರಟಿತ್ತು.

ಸಂಶೋಧಕರಿಗೆ ಇಂಥ ಮಾತುಗಳೆಂದರೆ ಬಲು ಧೈರ್ಯ. "ಹೀಗಾಗಿ" ಎಂದು ಬರೆದಲ್ಲಿ ಹೇಗಾಗಿ ಎಂದು ಕೇಳಬಾರದು. "ಈ ಹಿನ್ನೆಲೆಯಲ್ಲಿ" ಎಂದರೆ ಹಿನ್ನೆಲೆಯೇ ಕೊನೆತನಕ, ಮುಂದಕ್ಕೆ ಯಾರೂ ಬರುವುದಿಲ್ಲ. "ಎಂಬುದು ಗಮನಾರ್ಹ" ಎಂದಿದ್ದರೆ ನಿಶ್ಚಿಂತೆಯಿಂದ ಕಣ್ಣು ಮುಚ್ಚಿಕೊಳ್ಳಬಹುದು. "ಒಟ್ಟಾರೆಯಾಗಿ" ಕಂಡಿತೋ, ಸದ್ಯ ಅಧ್ಯಾಯ ಮುಗಿಯಿತು ಎಂದು ನಾನು ಎರಡನೆಯ ಕಾಫಿ ಕೇಳುತ್ತೇನೆ.

ತಮಾಷೆಯೆಂದರೆ, ಈ ಹುಡುಗನಿಗೆ ಪ್ಯಾರಾ ಕಟ್ಟುವುದನ್ನು ಕಲಿಸಲು ಅಬರ್ಡೀನಿನ ತನಕ ಹೋಗಬೇಕಾಗಿರಲಿಲ್ಲ. ಅವನ ಚೀಲದಲ್ಲಿದ್ದ ವಡ್ಡಾರಾಧನೆಯೇ ಸಾಕಿತ್ತು. ಅದರ 19 ಕಥೆಗಳಲ್ಲಿ ಪ್ರತಿಯೊಂದೂ ಪ್ರಾಕೃತದ ಒಂದು ಗಾಹೆಯಿಂದ ಶುರುವಾಗುತ್ತದೆ. ಕಥೆ ಯಾರದು, ಅವನಿಗೇನಾಯಿತು ಎಂಬುದನ್ನು ಗಾಹೆ ಆರಂಭದಲ್ಲೇ ಹೇಳಿಬಿಡುತ್ತದೆ. ಹಾಗೆಂದು ಕಥೆ ನೆಟ್ಟಗೆ ಹೋಗುವುದೂ ಇಲ್ಲ. ಸುಕುಮಾರಸ್ವಾಮಿಯ ಕಥೆಯಲ್ಲಿ ಸುಕುಮಾರ ಹುಟ್ಟುವ ಹೊತ್ತಿಗೆ ಓದುಗ ಎಷ್ಟೋ ಜನ್ಮ ದಾಟಿ ಬಂದಿರುತ್ತಾನೆ. ಆದರೂ ಅಲ್ಲಿ ಯಾರೂ ದಾರಿಯಲ್ಲಿ ಕಳೆದುಹೋಗುವುದಿಲ್ಲ. ಹಿಂದೊಂದು ಜನ್ಮದಲ್ಲಿ ಅವನಿಂದ ಒದೆ ತಿಂದ ಅತ್ತಿಗೆ ಕೊನೆಯಲ್ಲಿ ನರಿಯಾಗಿ ಬರುತ್ತಾಳೆ, ಧ್ಯಾನಕ್ಕೆ ನಿಂತವನನ್ನು ಕಾಲಿನಿಂದಲೇ ತಿನ್ನತೊಡಗುತ್ತಾಳೆ. ಎಲ್ಲಿಗೆ ಬೇಕಾದರೂ ಸುತ್ತಾಡಿ ಬಾ, ಆದರೆ ಗಾಹೆಯ ಬಾಕಿ ತೀರಿಸದೆ ಏಳಬೇಡ ಎನ್ನುವುದು ಅಲ್ಲಿಯ ಕಟ್ಟಳೆ.

ಹುಡುಗನಿಗೆ ಇಷ್ಟನ್ನೇ ಹೇಳಿದೆ. ಪ್ರತಿ ವಾಕ್ಯವನ್ನೂ ಹಿಡಿದು ನಿಲ್ಲಿಸಿ, ನೀನು ಹಿಂದಿನ ವಾಕ್ಯಕ್ಕೆ ಏನಾಗಬೇಕು ಎಂದು ಕೇಳಬೇಡ, ಮೊದಲ ವಾಕ್ಯಕ್ಕೆ ಏನಾಗಬೇಕು ಎಂದು ಕೇಳು. ಬಾಯಿ ಬಿಡದಿದ್ದರೆ ಹೊಡೆದುಹಾಕು. ಅವನ ಮುಖ ಸಣ್ಣದಾಯಿತು. "ಬೆಳಗೊಳಕ್ಕೆ ಕೈಯಿಂದ ದುಡ್ಡು ಹಾಕ್ಕೊಂಡು ಹೋಗಿದ್ದೆ ಸಾರ್. ಬೆಟ್ಟ ಬೇರೆ ಹತ್ತಿದ್ದೀನಿ."

ಗುಟ್ಟು ಅಲ್ಲಿತ್ತು. ಪ್ಯಾರಾ ಹದಗೆಡುವುದು ದಡ್ಡತನದಿಂದಲ್ಲ, ದುಡಿಮೆಯಿಂದ. ಬಸ್ ಚಾರ್ಜು ಕೊಟ್ಟು, ಬಿಸಿಲಲ್ಲಿ ಬೆಂದು, ಗ್ರಂಥಾಲಯದ ಧೂಳು ಕುಡಿದು ತಂದ ಸಂಗತಿಯನ್ನು, ಇದು ಇಲ್ಲಿಗೆ ಬೇಡ ಎಂದು ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? ಖರ್ಚಾದದ್ದೆಲ್ಲ ಪ್ಯಾರಾದಲ್ಲೇ ವಸೂಲಾಗಬೇಕು.

ಕೊನೆಗೆ ಅವನೇ ಒಂದು ರಾಜಿಸೂತ್ರ ತಂದ. ಅಧ್ಯಾಯದಿಂದ ಗೊಮ್ಮಟನನ್ನು ತೆಗೆಯುತ್ತಾನಂತೆ, ಅನುಬಂಧದಲ್ಲಿ ಹಾಕುತ್ತಾನಂತೆ. ಧಾರಾಳವಾಗಿ ಹಾಕು ಎಂದೆ. ಈಗ ಪ್ಯಾರಾದಲ್ಲಿ ಹೆಂಗಸರು ಮಾತ್ರ ಉಳಿದಿದ್ದಾರೆ, ಬರವಣಿಗೆ ಚೊಕ್ಕಟವಾಗಿದೆ, ಅನುಬಂಧ ಅಧ್ಯಾಯಕ್ಕಿಂತ ದಪ್ಪವಾಗಿದೆ. ಅನುಬಂಧವನ್ನು ಯಾರೂ ಓದುವುದಿಲ್ಲ ಎಂಬುದನ್ನು ಮಾತ್ರ ನಾನು ಅವನಿಗೆ ಹೇಳಲಿಲ್ಲ. ಮೌಖಿಕ ಪರೀಕ್ಷೆ ಮುಗಿಯಲಿ.